ಸಾರ್ಥಕದ ಕಲ್ಲು

"ಸಾರ್ಥಕ" ಎಂಬ ಮಾತು ಕೇಳಿದರೆ ನನಗೆ ಹೇಸಿಗೆಯಾಗುತ್ತದೆ. ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳುತ್ತಿದ್ದ ನಮ್ಮಪ್ಪ ಅದನ್ನು ಚೆನ್ನಾಗಿಯೇ ಬಿಡಿಸಿ ಹೇಳುತ್ತಿದ್ದರು: ಸುಖ ಬೇರೆ, ಸಾರ್ಥಕತೆ ಬೇರೆ, ಮನುಷ್ಯ ತನ್ನೊಳಗಿರುವುದೆಲ್ಲ ಅರಳುವಂತೆ ಬದುಕಿದರೆ ಅದು ಸಾರ್ಥಕ. ಅಡುಗೆಮನೆಗೆ ಬಂದರೆ ಮಾತ್ರ ಅರ್ಥ ಬದಲಾಗುತ್ತಿತ್ತು. "ನಾಲ್ಕು ಜನಕ್ಕೆ ದುಡಿಯೋದೇ ಸಾರ್ಥಕ ಕಣಕ್ಕಾ," ಎಂದು ಅತ್ತೆಯ ಮುಂದೆ ಖಾಲಿ ಲೋಟ ಚಾಚುತ್ತಿದ್ದರು.

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾದವರಲ್ಲ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯಲ್ಲಿ ಬಟ್ಟೆಯ ಕಲೆ ತೆಗೆಯುವ ಕೆಲಸ. ರಕ್ತವಾದರೆ ತಣ್ಣೀರು, ಎಣ್ಣೆಯಾದರೆ ಸೋಪಿನ ಪುಡಿ, ವಾಂತಿಯಾದರೆ ಮೊದಲು ಚಮಚದಲ್ಲಿ ಕೆರೆಯಬೇಕು. ಕಂಡವರ ಹೊಲಸು ತಿಕ್ಕಿ ತಿಕ್ಕಿ ಉಗುರು ಸವೆದಿದ್ದವು. ಅಪ್ಪ ಓದಿದ್ದು ಆ ಸಂಬಳದಲ್ಲೇ. ಮನೆಯಲ್ಲಿ ಅತ್ತೆಯ ಮಂಚ ಇದ್ದದ್ದು ನಡುಮನೆಯಲ್ಲಿ, ಎಲ್ಲರೂ ಓಡಾಡುವ ಜಾಗದಲ್ಲಿ.

ನಿವೃತ್ತಿ ಹತ್ತಿರ ಬಂದಾಗ ಅತ್ತೆ ಒಂದೇ ಒಂದು ಆಸೆ ಹೇಳಿದರು. "ಬೇಕರಿ ಮೇಲೊಂದು ರೂಮು ನೋಡಿದೀನಿ. ಒಳಗಡೆಯಿಂದ ಚಿಲಕ ಹಾಕೋಬಹುದು. ಅಲ್ಲಿರ್ತೀನಿ."

"ಈ ವಯಸ್ಸಲ್ಲಿ ನಿಂಗೇನು ಬಂತಕ್ಕಾ ದೊಡ್ಡರೋಗ?" ಎಂದರು ಅಪ್ಪ. ನನ್ನಣ್ಣನ ಅವಳಿ ಕೂಸುಗಳನ್ನು ನೋಡಿಕೊಳ್ಳಲು ಬಿಟ್ಟಿ ಆಳು ಬೇಕಿತ್ತು, ಅಷ್ಟೇ.

ಮುಂದಿನ ಭಾನುವಾರ ಮನೆಯಲ್ಲೇ ಸನ್ಮಾನ ಇಟ್ಟರು. ನೆಂಟರಿಷ್ಟರೆಲ್ಲ ಸೇರಿದರು. ಫಲಕ ಕರಿಕಲ್ಲಿನದು: "ಸಾರ್ಥಕ ಬದುಕು," ಕೆಳಗೆ ಅತ್ತೆಯ ಹೆಸರು, ಹುಟ್ಟಿದ ವರ್ಷ. ಅಗ್ಗವಾಗುತ್ತದೆಂದು ಅಪ್ಪ ಗೋರಿಕಲ್ಲು ಕೆತ್ತುವವನ ಹತ್ತಿರ ಮಾಡಿಸಿದ್ದರು. ಅವನು ರೂಢಿಯಂತೆ ಹುಟ್ಟಿದ ವರ್ಷದ ಮುಂದೊಂದು ಗೆರೆ ಎಳೆದು ಸಾಯುವ ವರ್ಷಕ್ಕೆ ಜಾಗ ಬಿಟ್ಟಿದ್ದ. ಥೂ!

ಅಪ್ಪ ಒಂದು ಕೂಸನ್ನು ಎತ್ತಿಕೊಂಡು ಭಾಷಣಕ್ಕೆ ನಿಂತರು. "ನಮ್ಮಕ್ಕ ತನಗೇಂತ ಯಾವತ್ತೂ ಏನೂ ಕೇಳಲಿಲ್ಲ. ಸಾರ್ಥಕ ಅಂದ್ರೆ ಇದು! ಇನ್ಮುಂದೆ ಮೊಮ್ಮಕ್ಕಳ ಜೊತೆ ಇಲ್ಲೇ ಇರ್ತಾಳೆ."

ಚಪ್ಪಾಳೆ. ನನ್ನಣ್ಣನದೇ ಎಲ್ಲರಿಗಿಂತ ಜೋರು. ಏನು ಜನವಪ್ಪಾ ಇವರು!

ಅತ್ತೆ ಕಲ್ಲಿನ ಆ ಗೆರೆಯ ಮೇಲೆ ಬೆರಳಾಡಿಸಿದರು.

"ಜಾಗ ಬಿಟ್ಟಿದಾನಲ್ಲ, ಒಳ್ಳೇದಾಯ್ತು. ಅದು ತುಂಬಿದ ಮೇಲೆ ಹೇಳು, ಸಾರ್ಥಕವೋ ಅಲ್ಲವೋ ಅಂತ. ಅಲ್ಲೀತನಕ ಈ ಕಲ್ಲು ನೀನೇ ಇಟ್ಕೊ."

ಮಂಚದ ಕೆಳಗಿಂದ ಚೀಲ ಎಳೆದುಕೊಂಡರು. ಅದು ಮೊದಲೇ ತುಂಬಿತ್ತು. ಅಷ್ಟರಲ್ಲಿ ಕೂಸು ಅಪ್ಪನ ಬಿಳಿ ಅಂಗಿಯ ಮೇಲೆಲ್ಲ ಬಳಬಳನೆ ಕಕ್ಕಿತು.

"ಅಕ್ಕಾ! ಅಯ್ಯೋ, ಅಕ್ಕಾ!"

ಎಲ್ಲರೂ ಅತ್ತೆಯ ಮುಖ ನೋಡಿದರು. ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಮೊದಲು ಚಮಚದಲ್ಲಿ ಕೆರ್ಕೋ," ಎಂದು ಹೇಳಿ ಬಾಗಿಲು ದಾಟಿದರು.