ಜಗಲಿಯಲ್ಲಿ ಕಾದ ಎಲೆ

ಮಂಕಿ ಊರಿನ ನಮ್ಮ ತೋಟದ ವೀಳ್ಯದೆಲೆ ಪಾಕಿಸ್ತಾನಕ್ಕೆ ಹೋಗುತ್ತದೆ ಎಂದರೆ ಹೊರಗಿನವರು ನಗುತ್ತಿದ್ದರು. ನಗುವಂಥದ್ದೇನೂ ಇರಲಿಲ್ಲ. ಭಟ್ಕಳದ ವ್ಯಾಪಾರಿಯ ಗಾಡಿ ಬರುತ್ತಿತ್ತು, ಎಲೆ ಒಯ್ಯುತ್ತಿತ್ತು, ನಮ್ಮ ಮನೆ ನಡೆಯುತ್ತಿತ್ತು. ಅಣ್ಣ ಸೈನ್ಯಕ್ಕೆ ಸೇರಿದ ಮೇಲೂ ಹಾಗೇ ನಡೆಯಿತು.

ಎರಡು ಸಾವಿರದ ಒಂದರ ಕೊನೆಗೆ, ಸಂಸತ್ತಿನ ಮೇಲೆ ದಾಳಿಯಾದ ಮೇಲೆ, ಎರಡೂ ದೇಶಗಳು ಸೈನ್ಯ ತಂದು ಗಡಿಯಲ್ಲಿ ನಿಲ್ಲಿಸಿದವು. ಅಣ್ಣನೂ ಅಲ್ಲಿಗೇ ಹೋದ. ಅತ್ತ ಹೋಗುವ ರೈಲು ನಿಂತಿತು, ಎಲೆಯ ಗಾಡಿಯೂ ನಿಂತಿತು. ಅಮ್ಮನಿಗೆ ಸಮಾಧಾನವೇ ಆಯಿತು. "ನನ್ನ ಮಗನಿಗೆ ಬಂದೂಕು ಹಿಡ್ದವ್ರ ಬಾಯಿಗೆ ನನ್ನ ಎಲೆ ಎಂತಕ್ಕೆ?" ಎಂದವಳು ಬಳ್ಳಿ ಮುಟ್ಟುವುದನ್ನೇ ಬಿಟ್ಟಳು.

ಬಳ್ಳಿಗೆ ಇದೆಲ್ಲ ತಿಳಿಯುವುದಿಲ್ಲ. ಕೊಯ್ಯದಿದ್ದರೆ ಎಲೆ ಬಲಿತು ಹಾಳಾಗುತ್ತದೆ, ಬಳ್ಳಿಯೂ ಸೊರಗುತ್ತದೆ. ಅಪ್ಪ ಏಣಿ ಹತ್ತಿ ಕೊಯ್ಯುತ್ತಿದ್ದ. ಹೊನ್ನಾವರದ ಸಂತೆಯಲ್ಲಿ ಕೇಳುವವರಿಲ್ಲದೆ ವಾಪಸ್ ತಂದು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದ. ಚಾ ಅಂಗಡಿಯಲ್ಲಿ ಪೇಪರ್ ಓದುವವರು ಮಾತ್ರ, ಪಾಕಿಸ್ತಾನ ಅಂಗೈ ಅಗಲದ ದೇಶ, ವ್ಯಾಪಾರ ನಿಂತರೆ ನಮಗೆಂತ ನಷ್ಟ ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ದೊಡ್ಡ ದೇಶಕ್ಕೆ ತಾಗದ ನಷ್ಟ ನಮ್ಮ ಗುಂಡಿಯಲ್ಲಿ ಕೊಳೆಯುತ್ತಿತ್ತಲ್ಲ! ಆದರೆ ವಾದಿಸುವ ತ್ರಾಣ ಯಾರಿಗಿತ್ತು? ಅಣ್ಣ ಅಲ್ಲಿ ನಿಂತಿರುವಾಗ ಗಡಿ ತೆರೆಯಿರಿ ಎನ್ನುವುದಾದರೂ ಹೇಗೆ?

ಮಳೆಗಾಲ ಹತ್ತಿರವಾದಾಗ ಅಣ್ಣನ ಫೋನ್ ಬಂತು. ಅಮ್ಮನೇ ಎತ್ತಿಕೊಂಡು, ರಜೆ ಯಾವಾಗ ಎಂದು ಕೇಳಿದಳು. ಅದಕ್ಕವನು, "ಎಲೆ ಗಾಡಿ ಬಂತಾ?" ಎಂದನಂತೆ. ಇಲ್ಲ ಎಂದಳು.

"ಹಂಗಾದ್ರೆ ನಾನೂ ಬರೂದಿಲ್ಲ ಅಮ್ಮ. ಎಲೆಗೆ ಗಡಿ ದಾಟೂಕೆ ಬಿಟ್ಟ ದಿನ ನಮ್ಮನ್ನೂ ಮನೆಗೆ ಬಿಡ್ತಾರೆ," ಎಂದು ನಕ್ಕನಂತೆ.

ಅಮ್ಮನಿಗೆ ನಗು ಬರಲಿಲ್ಲ. ಮರುದಿನ ಬೆಳಗಾಗುತ್ತಲೇ ಬುಟ್ಟಿ ಹಿಡಿದು ತೋಟಕ್ಕೆ ಹೋದಳು. ಒಳ್ಳೊಳ್ಳೆಯ ಎಲೆ ಆರಿಸಿ, ತೊಟ್ಟು ಸರಿಮಾಡಿ, ಬಾಳೆಪಟ್ಟೆಯಲ್ಲಿ ಕಟ್ಟಿ ಜಗಲಿಯಲ್ಲಿಟ್ಟಳು. ಬಾಡದ ಹಾಗೆ ನೀರು ಚಿಮುಕಿಸಿದಳು.

"ಇದು ಯಾರಿಗೆ?" ಎಂದು ಅಪ್ಪ ಕೇಳಿದ.

"ಆಚೆಯವ್ರಿಗೆ. ಗಾಡಿ ಬಂದ ಮೇಲೆ ಕೊಯ್ತಾ ಕೂತ್ರೆ ತಡ ಆಗ್ತದೆ."

ಗಾಡಿ ಬರಲಿಲ್ಲ. ಎಲೆ ಹಳದಿಯಾದಾಗ ಅಮ್ಮ ಕಟ್ಟು ಬಿಚ್ಚಿ ಗುಂಡಿಗೆ ಹಾಕಿದಳು, ಮತ್ತೆ ಹಸಿ ಎಲೆ ತಂದು ಕಟ್ಟಿದಳು. ಆ ಮಳೆಗಾಲ ಪೂರ್ತಿ ನಮ್ಮ ಜಗಲಿಯಲ್ಲಿ ಒಂದು ಕಟ್ಟು ಎಲೆ, ಪಾಕಿಸ್ತಾನಕ್ಕೆ ಹೋಗಲು ತಯಾರಾಗಿ ಕೂತಿರುತ್ತಿತ್ತು.