ಬಂಡೆಯಿಂದ ಬಿದ್ದ ನೀಲಿ ಹುಳು

೨೦೦೮ರ ಜನವರಿಯ ಒಂದು ಭಾನುವಾರ, ಬೆಳಿಗ್ಗೆ ಏಳು ಗಂಟೆ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು, ನನ್ನ ಹೆಂಡತಿ ಮತ್ತು ರಾಮದುರ್ಗದಿಂದ ಬಂದಿದ್ದ ನನ್ನ ಅಕ್ಕ ಇದ್ದೆವು. ಸ್ನಾನ, ಲಿಂಗಪೂಜೆ, ಉಪ್ಪಿಟ್ಟು ಮುಗಿದಿದ್ದವು. ಕಿತ್ತೂರಿನಲ್ಲಿ ವಸತಿ ಶಾಲೆಯ ಬೆಳಗಿನ ಸೀಟಿ ಕೇಳಿ ಎದ್ದು ಬೆಳೆದವನು ನಾನು. ಮುಂದೆ ಪಿ.ಟಿ. ಮಾಸ್ತರನಾಗಿ ಸೀಟಿ ಊದಿದವನೂ ನಾನೇ. ಆ ದಿನದ ಕೆಲಸ ಇಷ್ಟು: ಹಿಂದಿನ ದಿನ ಸಮುದ್ರದಡಿ ತೆಗೆದ ಚಿತ್ರಗಳನ್ನು ಟಿ.ವಿ.ಯಲ್ಲಿ ನೋಡಿ, ಒಂದೊಂದು ಹುಳುವಿನ ಹೆಸರು ಗುರುತಿಸಿ, ಸಿ.ಡಿ. ಮಾಡುವುದು.

ಹುಳು ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು. ಬೆರಳಿನಷ್ಟೂ ಉದ್ದವಿಲ್ಲ. ತಲೆಯ ಮೇಲೆ ಎರಡು ಕೋಡು, ಬೆನ್ನಿನ ಹಿಂಬದಿಯಲ್ಲಿ ಹೂವಿನಂತೆ ಅರಳುವ ಕಿವಿರು. ನಿವೃತ್ತಿಯ ನಂತರ ಮುರುಡೇಶ್ವರದ ಎದುರಿನ ನೇತ್ರಾಣಿ ನಡುಗಡ್ಡೆಯಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದನ್ನು ನಾನು ಕಲಿತೆ. ಕಲಿಸಿದ ತರುಣ ಅಲ್ಲಿನ ಹುಳುಗಳದೊಂದು ಚಿತ್ರಪಟ ಸಿದ್ಧಪಡಿಸುತ್ತಿದ್ದ; ನನ್ನ ಸಿ.ಡಿ. ಅವನಿಗೇ ಹೋಗಬೇಕಿತ್ತು. ಮುಟ್ಟಬಾರದು, ಕದಲಿಸಬಾರದು, ಇದ್ದಲ್ಲೇ ಇದ್ದಂತೆ ಚಿತ್ರ ತೆಗೆಯಬೇಕು ಎಂಬುದು ಅವನ ನಿಯಮ. ನಿಯಮ ಅಂದರೆ ನನಗೆ ಖುಷಿಯೇ.

ಅಕ್ಕ ತನ್ನದೇ ರೀತಿಯಲ್ಲಿ, ಕುಪ್ಪಸದ ಬಟ್ಟೆ, ಸೀರೆಯ ಅಂಚುಗಳ ಹೆಸರಿನಿಂದ ಗುರುತಿಸುತ್ತಿದ್ದಳು. "ಇದು ಗುಳೇದಗುಡ್ಡದ ಖಣಾ. ಇದಕ್ಕ ನೋಡು, ಗೋಮಿ ದಡಿ ಐತಿ." ಪುಸ್ತಕ ಬಿಡಿಸಿ ಅಂಚಿನ ಬಣ್ಣ, ಕೋಡಿನ ಬಣ್ಣ ಹೋಲಿಸುತ್ತಿದ್ದ ನನಗೆ ಅವಳ ಮಾತು ಎಷ್ಟೋ ಸಲ ಸಹಾಯಕ್ಕೆ ಬಂತು. ದಡಿಯನ್ನು ಅವಳಷ್ಟು ಚೆನ್ನಾಗಿ ನೋಡುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಆಮೇಲೆ ನೀಲಿ ಹುಳು ಬಂತು.

"ಅಯ್ಯ ಶಿವನ! ಇದೆಂಥಾ ಬಣ್ಣೋ ತಮ್ಮಾ!"

ನೀಲಿ ಮೈ, ಕಪ್ಪು ಗೆರೆ, ಹಳದಿ ಅಂಚು. ಇದೇ ರೂಪದ ಇನ್ನೊಂದು ಹುಳುವಿದೆ. ಕಿವಿರು ಬಿಳಿಯೋ ಕಿತ್ತಳೆಯೋ ಎಂದು ನೋಡಿಯೇ ಹೇಳಬೇಕು. ನನ್ನ ಚಿತ್ರದಲ್ಲಿ ಕಿತ್ತಳೆ ಕಿವಿರು ಪೂರ್ತಿ ಅರಳಿತ್ತು. ಪುಸ್ತಕದಲ್ಲಿ ಹೆಸರು ಕೂಡಲೇ ಸಿಕ್ಕಿತು. ತರುಣನ ಚಿತ್ರಪಟದಲ್ಲಿ ಅದು ಇನ್ನೂ ಇರಲಿಲ್ಲ.

ಹೆಂಡತಿ ಹತ್ತಿರ ಬಂದು ನೋಡಿದಳು. "ಉಳಿದವೆಲ್ಲಾ ಕಲ್ಲಿನ ಮ್ಯಾಲ ಕುಂತಾವ. ಇದೊಂದ್ಯಾಕ್ರಿ ಉಸುಕಿನಾಗ ಬಂದು ಬಿದ್ದೈತಿ?"

ನಡೆದದ್ದನ್ನು ಹೇಳಿದೆ. ಇಷ್ಟಲಿಂಗವನ್ನು ಮೈಮೇಲಿಂದ ತೆಗೆಯುವ ರೂಢಿ ನನಗಿಲ್ಲ, ನೀರಿನಲ್ಲಿಯೂ ಇಲ್ಲ. ಅದರ ಬೆಳ್ಳಿ ಕರಡಿಗೆಯನ್ನು ಬಿಗಿಯಾದ ಮುಳುಗುಡುಪಿನೊಳಗೆ ಸೇರಿಸಿ, ಕೊರಳಿನವರೆಗೆ ಮುಚ್ಚಿಕೊಳ್ಳುತ್ತಿದ್ದೆ. ಶನಿವಾರ ಉಡುಪಿನ ಕೊರಳು ಒತ್ತುತ್ತದೆಂದು ಸ್ವಲ್ಪ ಸಡಿಲ ಬಿಟ್ಟಿದ್ದೆ. ಬಂಡೆಗೆ ಅಂಟಿ ಬೆಳೆದ ಸ್ಪಂಜು ಎಂಬ ಕಡಲಜೀವಿಯನ್ನು ಈ ಹುಳು ಮೇಯುತ್ತಿತ್ತು. ತಲೆ ಕೆಳಗೆ ಮಾಡಿ ಕ್ಯಾಮೆರಾ ಹಿಡಿದಾಗ ಕರಡಿಗೆ ಹೊರಗೆ ಜಾರಿ, ಕೊರಳ ದಾರದಲ್ಲಿ ತೂಗಿ ಹುಳುವಿಗೆ ಬಡಿಯಿತು. ಕಿವಿರು ಒಳಗೆ ಹೋಯಿತು, ಮೈ ಮುದುಡಿತು, ಹುಳು ಕೆಳಗಿನ ಮರಳಿಗೆ ಉರುಳಿತು. ನಾನೂ ಕೆಳಗಿಳಿದೆ. ತುಸು ಹೊತ್ತಿನ ಮೇಲೆ ಅದು ಮೈ ಬಿಡಿಸಿ ಕಿವಿರು ಅರಳಿಸಿತು. ಸುತ್ತ ಬಿಳಿ ಮರಳು, ಅಡ್ಡ ಏನೂ ಇಲ್ಲ. ಅಷ್ಟೇ ಸಾಕಾಯಿತು. ಬಡಿದದ್ದನ್ನು ಮರೆತು, ಸಂತೋಷದಿಂದ ಚಿತ್ರ ತೆಗೆದೆ. ಅಷ್ಟರಲ್ಲಿ ತರುಣ ಮೇಲೇರಲು ಸನ್ನೆ ಮಾಡಿದ. ಅದರ ಮೇವು ಬಂಡೆಯ ಮೇಲಿತ್ತು. ಹುಳು ಮತ್ತೆ ಅಲ್ಲಿಗೆ ಏರಿತೋ ಇಲ್ಲವೋ, ನಾನು ನೋಡಲಿಲ್ಲ.

ಅಕ್ಕ ಕೈಮುಗಿದಳು. "ಬಡದಿದ್ದು ಲಿಂಗ, ನೀ ಅಲ್ಲ. ಅದಕ್ಕ ಮುಕ್ತಿ ಸಿಕ್ಕತು ಅನ್ನು."

"ಹೌದ್ರಿ ಅಕ್ಕಾರ," ಅಂದಳು ಹೆಂಡತಿ, "ಮುಕ್ತಿ ಹಂಚಾಕ ಅಂತನ ಸಮುದ್ರಕ್ಕ ಹೋಗಿದ್ರು ಇವರು."

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಇರುವೆ ಸಾಲಿಗೆ ಸಕ್ಕರೆ ಹಾಕಿ ದಾಟಿ ನಡೆಯುವ ಮನೆ ನಮ್ಮದು. ತಪ್ಪನ್ನು ಲಿಂಗದ ಮೇಲೆ ಹೊರಿಸಿ ನಾನು ಹಗುರಾಗುವುದು ಹೇಗೆ? ಕೊರಳು ಸಡಿಲ ಬಿಟ್ಟದ್ದು ನನ್ನ ಕೈ.

"ಈ ಚಿತ್ರ ಕಳಸೂದಿಲ್ಲ," ಅಂದೆ.

"ಹುಚ್ಚದಿಯೇನು? ಎಲ್ಲಾದ್ರಾಗೂ ಚಲೋ ಬಂದಿದ್ದು ಇದ. ಕೆಳಗ ನಿನ್ನ ಹೆಸರು ಬರತೈತಿ. ಉಸುಕಿನಾಗ ಇತ್ತು ಅಂದ್ರಾತು, ಯಾರು ಕೇಳತಾರ?"

"ಯಾರೂ ಕೇಳೂದಿಲ್ಲ ಅಕ್ಕಾ, ಅದ ತ್ರಾಸು. ಈ ಹುಳಾ ಉಸುಕಿನಾಗ ಇರತೈತಿ ಅಂತ ನಂಬತಾರ. ನಾಳೆ ಬಂದಾವ್ರು ಉಸುಕಿನಾಗ ಹುಡುಕತಾರ."

"ನಿನಗ ಹೆಸರು ಬರೂದಿತ್ತು, ಕೆಡಿಸಿಕೊಂಡಿ ಬಿಡು." ಅಕ್ಕ ಎದ್ದು ಒಳಗೆ ಹೋದಳು.

ಸಿ.ಡಿ.ಯಲ್ಲಿ ಉಳಿದ ಚಿತ್ರಗಳನ್ನಷ್ಟೇ ಹಾಕಿದೆ. ನೀಲಿ ಹುಳುವಿನ ಜಾಗ ಖಾಲಿ ಉಳಿಯಿತು. ತರುಣನಿಗೆ ಫೋನ್ ಮಾಡಿ ಕಾರಣ ಹೇಳಿದೆ. ಅವನು ಬೈಯಲಿಲ್ಲ. "ಮುಂದಿನ ಸಲ ಆ ಬಂಡೆಗೇ ಹೋಗೋಣ ಸರ್" ಎಂದಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು.

ಊಟವಾದ ಮೇಲೆ, ಉಡುಪಿನ ಒಳಗೆ ಹಾಕುವ ಬನಿಯನ್ನಿನ ಎದೆಗೆ ದಪ್ಪ ಬಟ್ಟೆಯ ಕಿಸೆ ಹೊಲಿಯಲು ಕುಳಿತೆ. "ತರ್ರಿ ಇಲ್ಲೆ, ನಾ ಹೊಲದು ಕೊಡತೇನಿ," ಅಂದಳು ಹೆಂಡತಿ. ಕೊಡಲಿಲ್ಲ. ಕಿಸೆಗೆ ಮುಚ್ಚಳ, ಮುಚ್ಚಳಕ್ಕೆ ಗುಂಡಿ. ಬನಿಯನ್ ತೊಟ್ಟು, ಕರಡಿಗೆಯನ್ನು ಕಿಸೆಯೊಳಗಿಟ್ಟು ಗುಂಡಿ ಹಾಕಿದೆ. ಮಂಚದ ಮೇಲೆ ಬೋರಲು ಮಲಗಿ, ನೀರಿನಲ್ಲಿ ಬಾಗಿದಂತೆ ತಲೆಯಿಂದ ಎದೆಯವರೆಗೆ ಮೈಯನ್ನು ಅಂಚಿನಿಂದ ಕೆಳಗೆ ಇಳಿಬಿಟ್ಟು ಜಾಡಿಸಿದೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ಈ ವಯಸ್ಸಿನ್ಯಾಗ ಇದೊಂದು ಸರ್ಕಸ್ಸು," ಅಂದಳು. ಬೆಳಿಗ್ಗೆ ಎದ್ದು ಒಳಗೆ ಹೋದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಕರಡಿಗೆ ಅಲುಗಲಿಲ್ಲ. ಎದ್ದು, ಹೊಲಿಗೆಯ ತುದಿಯಲ್ಲಿ ಉಳಿದ ನೂಲು ಕತ್ತರಿಸಿ, ಸೂಜಿಯನ್ನು ಡಬ್ಬಿಗೆ ಸೇರಿಸಿದೆ.