ಅಮಾವಾಸ್ಯೆಯೆಂದು ಮುಂದೂಡಿದ ತಾರೀಖು

ಅಮೆರಿಕದ ವೆಸ್ಟ್ ಕೊವಿನಾದಲ್ಲಿ ರವಿಕೆ ಹೊಲಿದು ಬದುಕುತ್ತಿದ್ದ ದ್ರಾಕ್ಷಾಯಣಿಗೆ ಪಕ್ಕದ ಮನೆಯ ಅಖ್ತರಿ ಬೇಗಮ್ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು 2005ರಲ್ಲಿ. ಅಲ್ಲಿಯವರೆಗೆ ಇಬ್ಬರೂ ಒಂದೇ ಕತ್ತರಿ ಹಂಚಿಕೊಂಡವರು.

ನಲ್ಲಿ ಸೋರುತ್ತದೆಂದು ದೂರು ಕೊಟ್ಟದ್ದಕ್ಕೆ ಮನೆ ಮಾಲೀಕ ಸಿಟ್ಟಾಗಿ, ಇಬ್ಬರಿಂದಲೂ ಮನೆ ಬಿಡಿಸಲು ಒಂದೇ ದಿನ ಕೋರ್ಟಿಗೆ ಹೋದ. ಬಾಡಿಗೆದಾರರು ಅರವತ್ತು ದಿನದೊಳಗೆ ಗೆದ್ದರೆ ಆ ಮೊಕದ್ದಮೆಯ ದಾಖಲೆಯನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡಬೇಕೆಂದು ಅಲ್ಲಿನ ಕಾನೂನು. ದಿನ ಮೀರಿತೋ, ಆಮೇಲೆ ಗೆದ್ದರೂ ಹೆಸರು ಬೀದಿಗೆ ಬಿದ್ದಂತೆಯೇ.

ಇಬ್ಬರ ವಿಚಾರಣೆಯೂ ಅಮಾವಾಸ್ಯೆಯ ದಿನವೇ ಬಂತು.

"ಅಮಾಸಿ ದಿನಾ ಕೋರ್ಟ್ ಮೆಟ್ಲಾ ಹತ್ತಂಗಿಲ್ಲವ್ವ ನಾ," ಎಂದು ದ್ರಾಕ್ಷಾಯಣಿ ಬೇರೆ ತಾರೀಖು ಕೇಳಹೊರಟಳು.

"ಬನ್ನಿ ಅಕ್ಕ, ಜೊತೇಲೇ ಹೋಗ್ಬರೋಣ. ದಿನ ಮೀರಿದ್ರೆ ಕಷ್ಟ," ಎಂದು ಮೈಸೂರಿನ ಅಖ್ತರಿ ಗೋಗರೆದಳು. ದ್ರಾಕ್ಷಾಯಣಿ ಕೇಳಿದರೆ ತಾನೆ? ಅಖ್ತರಿ ಐವತ್ತೆಂಟನೆಯ ದಿನ ಗೆದ್ದಳು, ದ್ರಾಕ್ಷಾಯಣಿ ಎಪ್ಪತ್ತನೆಯ ದಿನ.

ಮರುವರ್ಷ ಸ್ಯಾನ್ ಡಿಯೇಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ, ಬಸುರಿ ಮಗಳು ಪ್ರಣತಿಯ ಮನೆಯ ಎದುರಿಗೇ ಒಂದು ಫ್ಲ್ಯಾಟ್ ಖಾಲಿಯಾಯಿತು. ಬಾಣಂತನಕ್ಕೆ ಮಗಳ ಕಣ್ಣೆದುರೇ ಇರಬಹುದೆಂದು ದ್ರಾಕ್ಷಾಯಣಿ ಅಪ್ಲೈ ಮಾಡಿದಳು. ಹಳೆಯ ಮೊಕದ್ದಮೆ ಕಂಡದ್ದೇ ತಡ, ಕಟ್ಟಡದವರು ಆಗುವುದಿಲ್ಲ ಎಂದರು.

"ನನ್ ಮಗಂಗೆ ಅಲ್ಲೇ ಹತ್ರ ಕೆಲ್ಸ ಸಿಕ್ಕಿದೆ. ಆ ಮನೆ ನಾನು ಕೇಳ್ಲಾ ಅಕ್ಕ?" ಎಂದಳು ಅಖ್ತರಿ.

"ಕೇಳ್ರಿ. ನಂದೇನ್ ಹೋಗ್ತೈತಿ?" ಎಂದ ದ್ರಾಕ್ಷಾಯಣಿಯ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ವಾರದಲ್ಲಿ ಆ ಕಟ್ಟಡದ ಮ್ಯಾನೇಜರ್ ಫೋನ್ ಮಾಡಿದ. ಅಖ್ತರಿ ತನ್ನನ್ನು ಬಲ್ಲವರೆಂದು ದ್ರಾಕ್ಷಾಯಣಿಯ ಹೆಸರನ್ನೇ ಬರೆದುಕೊಟ್ಟಿದ್ದಳು! ಆಕೆಗೆ ಯಾವಾಗಲಾದರೂ ಕೋರ್ಟಿನ ತಂಟೆ ಇತ್ತೇ ಎಂದು ಅವನು ಕೇಳಿದ. ಕಾನೂನು ಮುಚ್ಚಿಟ್ಟಿದ್ದು ದ್ರಾಕ್ಷಾಯಣಿಯ ನಾಲಿಗೆಯ ತುದಿಗೆ ಬಂತು. ಒಂದು ಮಾತು ಸಾಕಿತ್ತು. ಅಮಾವಾಸ್ಯೆಯ ಹಿಂದಿನ ದಿನ ಗೋಗರೆದ ಮುಖ ನೆನಪಾಗಿ, ಏನೂ ಇಲ್ಲ ಎಂದುಬಿಟ್ಟಳು. ಆದರೆ ಉರಿ ತಡೆಯದೆ, ಮಾತು ಮಾತ್ರ ವಿಪರೀತ, ತಲೆ ತಿನ್ನುತ್ತಾಳೆ ಎಂದೂ ಸೇರಿಸಿದಳು. ಅವನು ನಕ್ಕು ಫೋನಿಟ್ಟ. ಮನೆ ಅಖ್ತರಿಗೇ ಆಯಿತು.

ಪ್ರಣತಿಗೆ ನೋವು ಬಂದಾಗ ಎದುರುಮನೆಯ ಅಖ್ತರಿಯೇ ಕಾರು ತೆಗೆದಳು. ದ್ರಾಕ್ಷಾಯಣಿ ನೂರು ಮೈಲಿ ದಾಟಿ ಆಸ್ಪತ್ರೆ ಸೇರುವಷ್ಟರಲ್ಲಿ ಮೊಮ್ಮಗಳು ಅಖ್ತರಿಯ ತೋಳಿನಲ್ಲಿದ್ದಳು.

"ನೋಡಿ ಅಕ್ಕ, ಮೂಗು ನಿಮ್ದೇ, ಹಣೇನೂ ನಿಮ್ದೇ, ಅತ್ತಿದ್ದೂ ನಿಮ್ಹಂಗೇ..."

"ಮಾತ್ ಸಾಕ್ರಿ," ಎಂದು ದ್ರಾಕ್ಷಾಯಣಿ ಎರಡೂ ಕೈ ಚಾಚಿದಳು. "ಕೂಸಿನ್ನ ಕೊಡ್ರಿ ಇಲ್ಲೆ."